ಬರಿಗೈ ಯಾತ್ರಿಕನಿಗೆ ಅನ್ನ ಇಟ್ಟವರು ಯಾರು?

ರಜೆ ಹತ್ತಿರವಾದಂತೆ ನಮ್ಮ ಸಂಶೋಧನಾ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಈ ಸಲ ನೇಪಾಳಕ್ಕೆ ಹೋಗೋಣ. ವೀಸಾ ಬೇಡ. ಗೋರಖಪುರದವರೆಗೆ ಸ್ಲೀಪರ್ ಟಿಕೆಟು, ಅಲ್ಲಿಂದ ಸುನೌಲಿ ಗಡಿ, ಗಡಿ ದಾಟಿ ಸ್ವಲ್ಪ ದೂರ ಹೋದರೆ ಲುಂಬಿನಿ. ಫೆಲೋಶಿಪ್ಪಿನ ಹಣದಲ್ಲಿ ಉಳಿದದ್ದೆಷ್ಟು ಎಂದು ಲೆಕ್ಕ ಹಾಕುವಾಗ ಯಾರಾದರೊಬ್ಬರು ಹೇಳುತ್ತಾರೆ: "ಧರ್ಮಶಾಲೆ ಇದೆ, ಗುರುದ್ವಾರ ಇದೆ, ದೇವರು ನೋಡ್ಕೋತಾನೆ ಬಿಡು." ಎಲ್ಲರೂ ನಗುತ್ತಾರೆ. ಆದರೆ ಆ ಮಾತನ್ನು ನಗೆಯಲ್ಲೇ ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ಕಾಸಿಲ್ಲದೆ ಪರದೇಶ ಸುತ್ತುವವನನ್ನು ದೇವರು ನೋಡಿಕೊಳ್ಳುತ್ತಾನೆ ಎಂದರೆ ನಿಜವಾಗಿ ನೋಡಿಕೊಳ್ಳುವವರು ಯಾರು? ಆ ಖರ್ಚು ಯಾವ ಮನೆಯದು?

ಈ ನಂಬಿಕೆಯ ಪರವಾಗಿ ಹೇಳಬಹುದಾದ ದೊಡ್ಡ ಉದಾಹರಣೆ ಬೆಂಗಳೂರಿನಿಂದಲೇ ಶುರುವಾಗುತ್ತದೆ. ಅಣ್ವಸ್ತ್ರಗಳ ವಿರುದ್ಧ ಪ್ರತಿಭಟಿಸಿ 89ನೇ ವಯಸ್ಸಿನಲ್ಲಿ ಬರ್ಟ್ರಂಡ್ ರಸೆಲ್ ಜೈಲಿಗೆ ಹೋದದ್ದು 1961ರಲ್ಲಿ. ಬೆಂಗಳೂರಿನ ಕಾಫಿ ಹೋಟೆಲೊಂದರಲ್ಲಿ ಕೂತು ಆ ಸುದ್ದಿ ಓದಿದ ಇಬ್ಬರು ಸರ್ವೋದಯದ ಯುವಕರು, ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್, ಅಣ್ವಸ್ತ್ರವಿರುವ ದೇಶಗಳ ರಾಜಧಾನಿಗಳಿಗೆ ನಡೆದು ಹೋಗುವುದೆಂದು ನಿರ್ಧರಿಸಿದರು. ಸತೀಶ್ ಅದಕ್ಕೂ ಮೊದಲು ಜೈನ ಮುನಿಯಾಗಿದ್ದವರು. ಆಶೀರ್ವಾದ ಕೇಳಲು ಹೋದಾಗ ವಿನೋಬಾ ಭಾವೆ ಕೊಟ್ಟ ಸಲಹೆ, ಜೇಬಿನಲ್ಲಿ ಒಂದು ಪೈಸೆಯೂ ಇರಕೂಡದು ಎಂಬುದು. 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟ ಇಬ್ಬರೂ ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ ಮಾಸ್ಕೋ, ಪ್ಯಾರಿಸ್, ಲಂಡನ್ ಮುಟ್ಟಿ ಕೊನೆಗೆ ವಾಷಿಂಗ್ಟನ್ ತಲುಪಿದರು. ಪಾಕಿಸ್ತಾನದ ಗಡಿಯಲ್ಲಿ ಗೆಳತಿಯೊಬ್ಬರು ಕೊಡಲು ಬಂದ ಊಟದ ಪೊಟ್ಟಣಗಳನ್ನೂ ಸತೀಶ್ ತೆಗೆದುಕೊಳ್ಳಲಿಲ್ಲ. ಬುತ್ತಿ ಒಯ್ಯುವುದೆಂದರೆ ಆಚೆಯವರು ಅನ್ನ ಹಾಕಲಾರರು ಎಂದು ಮೊದಲೇ ತೀರ್ಮಾನಿಸಿದಂತೆ ಎಂಬುದು ಅವರ ವಾದ.

ವಿನೋಬಾರ ಸಲಹೆಯ ಹಿಂದಿದ್ದ ತರ್ಕ ಸರಳ. ಹಣವಿದ್ದವನು ಸಂಜೆ ದಣಿದಾಗ ಲಾಡ್ಜು ಹುಡುಕುತ್ತಾನೆ, ಉಂಡು ಮಲಗುತ್ತಾನೆ, ಬೆಳಿಗ್ಗೆ ಎದ್ದು ಹೋಗುತ್ತಾನೆ. ಹಣವಿಲ್ಲದವನು ಯಾರದಾದರೂ ಬಾಗಿಲು ತಟ್ಟಲೇಬೇಕು. ತಟ್ಟಿದ ಮೇಲೆ ಯಾರು, ಎಲ್ಲಿಂದ, ಯಾಕೆ ಎಂದು ಹೇಳಲೇಬೇಕು. ಹೀಗೆ ಅವರ ಬಡತನವೇ ಮಾತುಕತೆಗೆ ದಾರಿಯಾಯಿತು. ಇಲ್ಲಿ ನಂಬಿಕೆ ಇದ್ದದ್ದು ಆಕಾಶದ ಮೇಲಲ್ಲ, ಮುಂದಿನ ಊರಿನ ಮನುಷ್ಯನ ಮೇಲೆ.

ಇದನ್ನು ಓದಿದಾಗ ಮನಸ್ಸು ತುಂಬುತ್ತದೆ. ಆದರೂ ಒಂದು ಅನುಮಾನ ಉಳಿಯುತ್ತದೆ. ಮುಂದಿನ ಊರಿನ ಮನುಷ್ಯ ಬರಿಗೈ ಯಾತ್ರಿಕನಿಗಾಗಿ ಎಷ್ಟು ತೆರಬೇಕಾಗಬಹುದು ಎಂಬುದು ಯಾತ್ರಿಕನಿಗೆ ಗೊತ್ತಿರುತ್ತದೆಯೇ?

ಜಪಾನಿನ ಬೌದ್ಧ ಭಿಕ್ಷು ಎಕೈ ಕವಾಗುಚಿಯ ಕಥೆ ಇಲ್ಲಿ ನೆನಪಾಗುತ್ತದೆ. ಬೌದ್ಧ ಗ್ರಂಥಗಳ ಟಿಬೆಟನ್ ಪಾಠಗಳನ್ನು ಹುಡುಕಿ ಆತ 1897ರಲ್ಲಿ ಜಪಾನ್ ಬಿಟ್ಟ. ಡಾರ್ಜಿಲಿಂಗಿನಲ್ಲಿ ಟಿಬೆಟನ್ ಕಲಿತು, 1900ರಲ್ಲಿ ನೇಪಾಳದ ಕಡೆಯಿಂದ ಹಿಮಾಲಯ ದಾಟಿದ. ಅಂದಿನ ಟಿಬೆಟಿಗೆ ಹೊರದೇಶದವರಿಗೆ ಪ್ರವೇಶವಿರಲಿಲ್ಲ. ತಾನು ಜಪಾನಿ ಎಂಬುದನ್ನು ಮುಚ್ಚಿಟ್ಟ. ಹಿಮದಲ್ಲಿ ದಾರಿ ತಪ್ಪಿದ, ಕಳ್ಳರ ಕೈಗೆ ಸಿಕ್ಕ, ಅಲೆಮಾರಿ ಕುರಿಗಾಹಿಗಳ ಡೇರೆಗಳಲ್ಲಿ ಜೀವ ಉಳಿಸಿಕೊಂಡ. 1901ರಲ್ಲಿ ಲಾಸಾ ಮುಟ್ಟಿ ಸೆರಾ ಮಠದಲ್ಲಿ ವಿದ್ಯಾರ್ಥಿಯಾದ. ಮರುವರ್ಷ ಗುಟ್ಟು ರಟ್ಟಾಗುವ ಸೂಚನೆ ಕಂಡೊಡನೆ ತಪ್ಪಿಸಿಕೊಂಡು ಭಾರತಕ್ಕೆ ಬಂದ.

ಸಾಹಸದ ಕಥೆಯಾದರೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನಿಗೆ ಆಸರೆ ಕೊಟ್ಟವರನ್ನು ಲಾಸಾದಲ್ಲಿ ಸೆರೆಗೆ ಹಾಕಿದರು. ಸುದ್ದಿ ತಿಳಿದ ಕವಾಗುಚಿ ಊರಿಗೆ ಹೋಗುವ ಬದಲು ಕಠ್ಮಂಡುವಿಗೆ ಹೋಗಿ, ಅಲ್ಲಿನ ಆಡಳಿತಗಾರ ಚಂದ್ರ ಶಂಶೇರನ ಮೂಲಕ ದಲೈ ಲಾಮಾಗೆ ಅರಿಕೆ ಕಳುಹಿಸಲು ಓಡಾಡಿದ. ಅವನ ಧರ್ಮಶ್ರದ್ಧೆ ನನಗೆ ಹಿಮಾಲಯ ದಾಟಿದಾಗ ಕಂಡದ್ದಕ್ಕಿಂತ ಈ ಓಡಾಟದಲ್ಲಿ ಹೆಚ್ಚು ಕಾಣುತ್ತದೆ. ದಾಟುವಾಗ ಕಾಪಾಡಿದ್ದು ಬುದ್ಧ ಎಂದು ಅವನು ಹೇಳಬಹುದಿತ್ತು. ಆದರೆ ಸೆರೆಮನೆಯಲ್ಲಿದ್ದವರಿಗೆ ಹೆಸರಿತ್ತು, ಮನೆಯಿತ್ತು. ಆ ಹೆಸರುಗಳನ್ನು ಅವನು ಮರೆಯಲಿಲ್ಲ.

ಅವನು ಓದಿದ ಸೆರಾ ಮಠದ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಸೆರಾ ಅಲ್ಲೇ ಮತ್ತೆ ಎದ್ದು ನಿಂತಿತು. ಮುಂದೆ ನಮ್ಮ ಹುಣಸೂರಿನ ಗುರುಪುರದಲ್ಲೂ ಟಿಬೆಟನ್ ಕ್ಯಾಂಪ್ ಆಯಿತು. ಇಂದು ದೂರದೇಶಗಳಿಂದ ಬೆನ್ನ ಮೇಲೆ ದೊಡ್ಡ ಚೀಲ ಹೊತ್ತು, ದಿನಕ್ಕಿಷ್ಟೇ ಖರ್ಚು ಎಂದು ಲೆಕ್ಕ ಹಾಕಿಕೊಂಡು, ಬುದ್ಧನನ್ನು ಅರಸಿ ಬರುವವರು ಮಡಿಕೇರಿ ಬಸ್ಸಿನಲ್ಲಿ ಹುಣಸೂರು ದಾಟಿ ಬೈಲಕುಪ್ಪೆಗೆ ಹೋಗುತ್ತಾರೆ. ಗೃಹ ಸಚಿವಾಲಯದ ಅನುಮತಿ ಪತ್ರವಿಲ್ಲದೆ ವಿದೇಶಿಯರು ಅಲ್ಲಿ ರಾತ್ರಿ ತಂಗುವಂತಿಲ್ಲವಾದ್ದರಿಂದ ಎಷ್ಟೋ ಮಂದಿ ಕಾವೇರಿ ದಾಟಿ ಕುಶಾಲನಗರದಲ್ಲಿ ರೂಮು ಮಾಡುತ್ತಾರೆ.

ಇಲ್ಲಿ ಒಂದು ವೈಪರೀತ್ಯವಿದೆ. ಬಂದವನ ಪರ್ಸು ಖಾಲಿಯಿದ್ದರೂ ಪಾಸ್‌ಪೋರ್ಟು ಗಟ್ಟಿ. ಅವನಿಗೆ ಧರ್ಮ ಹೇಳಿಕೊಡುವ ಭಿಕ್ಷುಗಳಲ್ಲಿ ಅನೇಕರ ಕೈಯಲ್ಲಿರುವುದು ನಿರಾಶ್ರಿತರ ಗುರುತಿನ ಪತ್ರ. ಲಾಸಾದ ಮೂಲ ಸೆರಾ ಮಠವನ್ನು ಒಮ್ಮೆ ನೋಡಬೇಕೆಂದು ಬಯಸುವ ಮುದಿ ಭಿಕ್ಷುವಿನ ಶ್ರದ್ಧೆ ಯಾವ ಪ್ರವಾಸಿಯ ಶ್ರದ್ಧೆಗೂ ಕಡಿಮೆಯದಲ್ಲ. ಆದರೂ ದಾರಿ ತೆರೆಯುವುದಿಲ್ಲ. ನಂಬಿಕೆಯೊಂದಿದ್ದರೆ ಸಾಕು, ಜಗತ್ತೇ ದಾರಿ ಬಿಡುತ್ತದೆ ಎನ್ನುವವರು ಅವರ ಮುಂದೆ ಆ ಮಾತನ್ನು ಹೇಳಿ ನೋಡಬೇಕು. ಆರಿಸಿಕೊಂಡ ಬಡತನಕ್ಕೆ ಹಿಂದಿರುಗುವ ಟಿಕೆಟು ಇರುತ್ತದೆ. ಹೇರಲ್ಪಟ್ಟ ಬಡತನಕ್ಕೆ ಇರುವುದಿಲ್ಲ.

ಹಾಗಾದರೆ ಬರಿಗೈ ಯಾತ್ರೆಯೇ ತಪ್ಪೇ? ಹಾಗೆಂದರೆ ನಮ್ಮ ನೆಲದ ಒಂದು ದೊಡ್ಡ ಪರಂಪರೆಯನ್ನೇ ತಳ್ಳಿಹಾಕಿದಂತೆ. ಕೆ.ಆರ್. ನಗರದ ಕಡೆಯ ಕಪ್ಪಡಿ ಜಾತ್ರೆಗೆ ಬರುವ ನೀಲಗಾರರು ತಂಬೂರಿ ಹಿಡಿದು, ಜೋಳಿಗೆ ಹಾಕಿ, ಮಂಟೇಸ್ವಾಮಿಯ ಪದ ಹಾಡುತ್ತ ಮನೆಮನೆಯ ಮುಂದೆ ನಿಲ್ಲುವವರು. ಅವರಿಗೆ ಪಡಿ ನೀಡುವ ಮನೆಯಾಕೆ ತಾನು ಉಪಕಾರ ಮಾಡುತ್ತಿದ್ದೇನೆ ಎಂದುಕೊಳ್ಳುವುದಿಲ್ಲ. ಪದ ಬಂತು, ಪಡಿ ಹೋಯಿತು. ಬೇಡುವುದಕ್ಕೂ ಅಲ್ಲಿ ದೀಕ್ಷೆಯಿದೆ, ಕಟ್ಟುಪಾಡಿದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ಈ ಕಟ್ಟುಪಾಡನ್ನು ಇನ್ನೂ ಖಚಿತವಾಗಿ ಹೇಳುತ್ತದೆ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಬೇಕಾದಷ್ಟು ಮಾತ್ರ ಸಾಕು, ಮಿಕ್ಕದ್ದನ್ನು ಅಲ್ಲೇ ಹಾಕಿ ಬಾ ಎಂದು ಅವಳು ಹಿಂದಕ್ಕೆ ಕಳುಹಿಸಿದಳು. ಅಕ್ಕಿ ನೆಲದ ಮೇಲೆ ಬಿದ್ದದ್ದು, ಯಾರೂ ಕೇಳುವವರಿರಲಿಲ್ಲ. ಆದರೂ ಅದು ಇನ್ನೊಬ್ಬರ ಪಾಲಾಗಿರಬಹುದು ಎಂಬ ಎಚ್ಚರ ಅವಳಿಗಿತ್ತು. ಪುಕ್ಕಟೆ ಸಿಕ್ಕಿದ್ದಕ್ಕೂ ಲೆಕ್ಕವಿದೆ ಎಂಬ ಈ ಅರಿವೇ ಯಾತ್ರಿಕನನ್ನೂ ಬಿಟ್ಟಿ ಪ್ರವಾಸಿಯನ್ನೂ ಬೇರೆ ಮಾಡುತ್ತದೆ.

ನನ್ನ ಗೆಳೆಯರು ಹೋಗಬೇಕೆಂದಿರುವ ಲುಂಬಿನಿಯಲ್ಲಿ ಅಶೋಕನ ಒಂದು ಕಂಬವಿದೆ. ಬುದ್ಧ ಹುಟ್ಟಿದ ಜಾಗಕ್ಕೆ ತಾನು ಬಂದು ಪೂಜೆ ಸಲ್ಲಿಸಿದ್ದನ್ನು ಅರಸ ಅದರಲ್ಲಿ ಬರೆಸಿದ್ದಾನೆ. ಜೊತೆಗೆ ಆ ಊರಿನ ತೆರಿಗೆ ಇಳಿಸಿ, ಬೆಳೆಯಲ್ಲಿ ಎಂಟನೆಯ ಒಂದು ಭಾಗ ಕೊಟ್ಟರೆ ಸಾಕು ಎಂದೂ ಬರೆಸಿದ್ದಾನೆ. ಫೆಲೋಶಿಪ್ಪಿನವರು ತೆರಿಗೆ ಇಳಿಸಲಾರರು, ನಿಜ. ಆದರೆ ತಾನು ಬಂದುಹೋದ ಮೇಲೆ ಊರಿನ ಹೊರೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಅವರೂ ಕೇಳಿಕೊಳ್ಳಬಹುದು. ಪಾತ್ರೆ ತೊಳೆಯಬಹುದು, ಮನೆಯ ಮಗುವಿಗೆ ಒಂದಿಷ್ಟು ಪಾಠ ಹೇಳಬಹುದು, ಉಂಡ ಮನೆಯವರ ಹೆಸರನ್ನು ನೆನಪಿಟ್ಟುಕೊಳ್ಳಬಹುದು.

ಊರಿಗೆ ಮರಳಿದ ಮೇಲೂ ಈ ಲೆಕ್ಕ ಮುಗಿಯುವುದಿಲ್ಲ. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆಂದು ಅಸ್ಸಾಮಿನಿಂದ ಬರುವವರೂ ಅದೇ ಬಸ್ಸಿನಲ್ಲಿ, ಅದೇ ಹುಣಸೂರು ದಾಟಿ ಹೋಗುತ್ತಾರೆ. ಅವರ ಹೆಗಲ ಮೇಲೂ ಚೀಲವಿದೆ, ಕೈಯಲ್ಲಿ ಕಾಸಿಲ್ಲ, ಭಾಷೆ ಬಾರದು. ಅವರು ಪಕ್ಕದಲ್ಲಿ ಕೂತರೆ ನಾವು ಸರಿದು ಜಾಗ ಬಿಡುತ್ತೇವೆಯೇ, ಅಥವಾ ಯಾವ ದೇಶದವನೋ ಎಂದು ಅನುಮಾನದಿಂದ ನೋಡುತ್ತೇವೆಯೇ? ಪರದೇಶದಲ್ಲಿ ಅಪರಿಚಿತರ ಒಳ್ಳೆಯತನವನ್ನು ನಂಬಿ ಹೊರಡುವ ಹಕ್ಕು, ಇಲ್ಲಿ ಇನ್ನೊಬ್ಬ ಅಪರಿಚಿತ ನಂಬಬಹುದಾದಂತೆ ಬದುಕುವವರಿಗೆ ಮಾತ್ರ ಇದೆ ಎಂದು ನನಗೆ ತೋರುತ್ತದೆ.