ಏತಕ್ಕಾಗಿ ಕಲಿಸುವುದು?

ನಮ್ಮ ಸರಕಾರಿ ಶಾಲೆಗಳ ಉಪಾಧ್ಯಾಯರು ಬರೆದಿಡಬೇಕಾದ ಪಾಠಯೋಜನೆಯ ನಮೂನೆಯಲ್ಲಿ ಎಡದಿಂದ ಬಲಕ್ಕೆ ಹಲವು ಅಂಕಣಗಳುಂಟು: ಕಲಿಕೆಗೆ ಅನುಕೂಲಿಸುವ ಚಟುವಟಿಕೆಗಳು, ಅವಕ್ಕೆ ಬೇಕಾಗುವ ಸಂಪನ್ಮೂಲಗಳು, ಮೌಲ್ಯಮಾಪನದ ತಂತ್ರ ಮತ್ತು ಸಾಧನ, ಎಲ್ಲಕ್ಕೂ ಕಡೆಯಲ್ಲಿ, ಪುಟದ ಅಂಚಿಗೆ ಒತ್ತರಿಸಲ್ಪಟ್ಟು, 'ಶಿಕ್ಷಕರ ಸ್ವ ಅವಲೋಕನ'. ಎರಡು ಬೆರಳಗಲದ ಆ ಅಂಕಣದಲ್ಲಿ ಸಾಮಾನ್ಯವಾಗಿ ಕಾಣಸಿಗುವ ಬರಹ ಇಷ್ಟೇ: 'ಮಕ್ಕಳು ಸಕ್ರಿಯವಾಗಿ ಭಾಗವಹಿಸಿದರು, ಪಾಠವು ಪರಿಣಾಮಕಾರಿಯಾಗಿತ್ತು.' ವಾರದ ಯೋಜನೆಯನ್ನೆಲ್ಲ ರವಿವಾರವೇ ಬರೆದು ಮುಗಿಸುವ ಶ್ರಮಜೀವಿಗಳ ಪುಸ್ತಕದಲ್ಲಂತೂ ಗುರುವಾರ ನಡೆಯಬೇಕಾದ ಪಾಠದ ಪರಿಣಾಮವು ನಾಲ್ಕು ದಿನ ಮುಂಚಿತವಾಗಿಯೇ ಸಿದ್ಧವಾಗಿರುತ್ತದೆ. ಇದನ್ನು ಕಂಡು ನಗುವುದು ಸುಲಭ. ಉಪಾಧ್ಯಾಯರನ್ನು ಆಲಸಿಗಳೆಂದು ಜರೆಯುವುದು ಇನ್ನೂ ಸುಲಭ. ಆದರೆ ಆ ಪುಸ್ತಕವನ್ನು ತೆರೆದು ನೋಡುವವರು ಯಾರು, ನೋಡಿ ಏನು ಮಾಡುತ್ತಾರೆ ಎಂಬುದನ್ನು ವಿಚಾರಿಸಿದರೆ ನಗೆ ನಿಲ್ಲುತ್ತದೆ. 'ಹಿಂದಿನ ಸಾಲಿನ ಮೂವರು ಈ ದಿನ ನಿದ್ದೆಹೋದರು; ಈ ಪಾಠವನ್ನು ಇವರಿಗೆ ಏಕೆ ಕಲಿಸುತ್ತಿದ್ದೇನೆಂದು ನನಗೇ ತಿಳಿಯದಾಯಿತು' ಎಂದು ಒಬ್ಬ ಮಾಸ್ತರರು ಪ್ರಾಮಾಣಿಕವಾಗಿ ಬರೆದರೆನ್ನಿ; ಅವರಿಗೆ ದೊರೆಯುವುದು ಸಂವಾದವೋ ಕಾರಣ ಕೇಳುವ ನೋಟೀಸೋ ಎಂಬುದನ್ನು ಇಲಾಖೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಮೇಲಧಿಕಾರಿಯ ಸಹಿಗಾಗಿ ಬರೆಯಲ್ಪಟ್ಟ ಆತ್ಮಪರೀಕ್ಷೆ ವರದಿಯಾಗಿಬಿಡುತ್ತದೆ, ಮತ್ತು ವರದಿಯಲ್ಲಿ ಸಂದೇಹಕ್ಕೆ ಸ್ಥಳವಿರುವುದಿಲ್ಲ.

ಶಿಕ್ಷಕರ ವೃತ್ತಿವಿಕಾಸದ ಕುರಿತು ನಮ್ಮಲ್ಲಿ ಪ್ರಯತ್ನ ನಡೆದಿಲ್ಲವೆಂದಲ್ಲ. ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ತಾಲೂಕಿಗೊಂದು ಸಂಪನ್ಮೂಲ ಕೇಂದ್ರ (ಬಿ.ಆರ್.ಸಿ.), ಹತ್ತಾರು ಶಾಲೆಗಳಿಗೊಬ್ಬ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.), ತಿಂಗಳಿಗೊಮ್ಮೆ ಕ್ಲಸ್ಟರಿನ ಸಮಾಲೋಚನಾ ಸಭೆ ಎಂಬ ವ್ಯವಸ್ಥೆ ಬೆಳೆದು ಬಂದಿದೆ; ರಾಜ್ಯದ 'ಗುರುಚೇತನ', ಕೇಂದ್ರದ 'ನಿಷ್ಠಾ' ಮೊದಲಾದ ಕಾರ್ಯಕ್ರಮಗಳು ನಡೆದಿವೆ; 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕನೂ ವರ್ಷಕ್ಕೆ 50 ತಾಸುಗಳಷ್ಟು ವೃತ್ತಿವಿಕಾಸದಲ್ಲಿ ತೊಡಗಬೇಕೆಂದು ಅಪೇಕ್ಷಿಸಿದೆ. ಇವುಗಳಿಂದ ಪ್ರಯೋಜನವೇ ಆಗಿಲ್ಲವೆನ್ನುವುದು ಕೃತಘ್ನತೆಯಾದೀತು. ಆದರೆ ಈ ಎಲ್ಲ ತರಬೇತಿಗಳ ಒಟ್ಟು ಪ್ರವೃತ್ತಿಯನ್ನು ಗಮನಿಸಿದರೆ, ಅವು 'ಹೇಗೆ ಕಲಿಸುವುದು' ಎಂಬ ಪ್ರಶ್ನೆಗೆ ಉತ್ತರಗಳನ್ನು ಹಂಚುತ್ತವೆಯೇ ಹೊರತು 'ಏತಕ್ಕಾಗಿ ಕಲಿಸುವುದು' ಎಂಬ ಪ್ರಶ್ನೆಯನ್ನು ಎತ್ತಲು ಶಿಕ್ಷಕನಿಗೆ ಅವಕಾಶ ಕೊಡುವುದು ವಿರಳ. ಉದ್ದೇಶವು ಮುಂಚೆಯೇ ನಿರ್ಣಯವಾಗಿ, ಮುದ್ರಿತವಾಗಿ, ಕೈಪಿಡಿಯ ಮೊದಲ ಪುಟದಲ್ಲಿ ಅಚ್ಚಾಗಿ ಬಂದಿರುತ್ತದೆ. ಶಿಕ್ಷಕನು ಅದನ್ನು ಈಡೇರಿಸುವ ಕರಣಮಾತ್ರನಾಗುತ್ತಾನೆ.

ಈ ಪ್ರವೃತ್ತಿಯ ಪರಿಣಾಮವೇನೆಂಬುದಕ್ಕೆ, ಚಟುವಟಿಕೆಯ ಕಾರ್ಡುಗಳಿಂದ ಕಲಿಸುವ 'ನಲಿಕಲಿ' ಪದ್ಧತಿಯ ಇತಿಹಾಸವೇ ಸಾಕ್ಷಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲೂಕಿನ ಕೆಲವರು ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು, ತಮ್ಮ ಮಕ್ಕಳ ಭಾಷೆ, ತಮ್ಮ ಕಾಡು, ತಮ್ಮ ಹಾಡುಗಳನ್ನು ನೆನೆದು, ಕಲಿಕೆಯ ಕಾರ್ಡುಗಳನ್ನು ತಾವೇ ರಚಿಸಿಕೊಂಡರು. ಕಾರ್ಡು ಬರೆಯುವಾಗ ಅವರಿಗೆ ಪ್ರತಿ ಹೆಜ್ಜೆಯಲ್ಲೂ 'ಈ ಮಗುವಿಗೆ ಇದೇಕೆ ಬೇಕು' ಎಂದು ಕೇಳಿಕೊಳ್ಳದೆ ಗತ್ಯಂತರವಿರಲಿಲ್ಲ. 2009ರಿಂದ ಆ ಪದ್ಧತಿ ರಾಜ್ಯದ ಎಲ್ಲ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿದಾಗ ಊರೂರಿಗೆ ತಲುಪಿದ್ದು ಅಚ್ಚಾದ ಕಾರ್ಡುಗಳು, ಅಚ್ಚಾದ ಕಲಿಕಾ ಏಣಿ. ಅವನ್ನು ಹುಟ್ಟಿಸಿದ ಪ್ರಶ್ನೆ ಪೆಟ್ಟಿಗೆಯಲ್ಲಿ ಬರಲಿಲ್ಲ, ಬರುವಂಥದೂ ಅಲ್ಲ. ಆದಕಾರಣವೇ ಒಂದೇ ಪದ್ಧತಿ ಒಂದೆಡೆ ಸಜೀವವಾಗಿಯೂ ಇನ್ನೊಂದೆಡೆ ಕೇವಲ ಕಾರ್ಡು ಜೋಡಿಸುವ ಕರ್ಮವಾಗಿಯೂ ಕಾಣುತ್ತದೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಷ್ಟು ಹಿಂದೆಯೇ, ನಿಜವಾದ ಚಿಂತನೆ ಆರಂಭವಾಗುವುದು ಗೊಂದಲದಿಂದ, ನಡೆದು ಬಂದ ದಾರಿ ಕವಲೊಡೆದಾಗ ಎಂದು ಪ್ರತಿಪಾದಿಸಿದ್ದನು. ಕವಲೇ ಕಾಣದಂತೆ ದಾರಿ ಹಾಸಿಕೊಟ್ಟ ಮೇಲೆ ಚಿಂತಿಸೆಂದು ಆದೇಶಿಸುವುದು ವಿಚಿತ್ರ.

ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ 'ಏತಕ್ಕಾಗಿ' ಎಂಬ ಈ ಪ್ರಶ್ನೆ ಹೊಸತಲ್ಲ. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ತನಕ ಇವೆಲ್ಲ ಧಾರವಾಡ ಜಿಲ್ಲೆಯ ತಾಲೂಕುಗಳು. ಅದಕ್ಕೂ ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಜಿಲ್ಲೆಯಲ್ಲಿ, ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಕಟ್ಟಲು ಶಿಕ್ಷಣ ಇಲಾಖೆಯ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹೆಣಗಿದರು. ಶಾಲಾಮಾಸ್ತರರಿಗಾಗಿಯೇ 1860ರ ದಶಕದಲ್ಲಿ 'ಮಠಪತ್ರಿಕೆ' ಹೊರಟಿತು. ಶಿಕ್ಷಕನು ಓದುತ್ತಲೇ ಇರಬೇಕು, ತನ್ನ ವೃತ್ತಿಯ ವಿಷಯವಾಗಿ ಇತರರೊಡನೆ ಮಾತನಾಡುತ್ತಿರಬೇಕೆಂಬ ಅರಿವು ಅಷ್ಟು ಹಿಂದಿನದು. ಆದರೆ ಆ ಕಾಲದ ಸರಕಾರದ ದೃಷ್ಟಿಯಲ್ಲಿ ಕನ್ನಡ ಶಾಲೆಯ ಪ್ರಯೋಜನವು ಬಹುಮಟ್ಟಿಗೆ ಸ್ಪಷ್ಟವಾಗಿತ್ತು: ಮುಲ್ಕಿ ಪರೀಕ್ಷೆ ಪಾಸಾದವನು ಸರಕಾರದ ಕೆಳಹಂತದ ನೌಕರಿಗೋ ಮಾಸ್ತರಿಕೆಗೋ ಅರ್ಹನಾಗಬೇಕು. ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಈ ಮುಲ್ಕಿ ಮುಗಿಸಿ ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದು, ಆಮೇಲೆ ಆ ನೌಕರಿಯನ್ನು ಬಿಟ್ಟು ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಅವರನ್ನು ಸಂತರೆಂದು ಸ್ಮರಿಸುವ ನಾವು ಅವರು ರಾಜೀನಾಮೆಯಿತ್ತ ಶಿಕ್ಷಕರೆಂಬುದನ್ನು ಮರೆಯುತ್ತೇವೆ. ಕಲಿಸುವುದನ್ನು ಬಿಟ್ಟು ಕಲಿಯಲು ಹೊರಟ ಆ ಮಾಸ್ತರರ ನಡೆಯನ್ನು ವೈರಾಗ್ಯವೆಂದು ಕೈಮುಗಿದು ದೂರವಿರಿಸುವುದಕ್ಕಿಂತ, ಅದನ್ನು ಶಾಲೆಯ ಮೇಲಣ ಒಂದು ತೀರ್ಪೆಂದು ಓದುವುದು ನನಗೆ ಯುಕ್ತವೆನಿಸುತ್ತದೆ. ಬದುಕು ಏತಕ್ಕೆಂಬ ಪ್ರಶ್ನೆಯುಳ್ಳವನು ಅದನ್ನು ಶಾಲೆಯ ಹೊರಗೆ ಒಯ್ಯಬೇಕಾಗಿ ಬಂದಿತೆಂದರೆ, ಶಾಲೆಯ ಒಳಗೆ ಆ ಪ್ರಶ್ನೆಗೆ ಆಸನವಿರಲಿಲ್ಲವೆಂದೇ ಅರ್ಥವಲ್ಲವೆ? ಎಲ್ಲರೂ ಶರೀಫರಂತೆ ಹೊರಟುಹೋಗಲಾರರು, ಹೋಗಲೂ ಬಾರದು. ನೌಕರಿಯಲ್ಲಿದ್ದುಕೊಂಡೇ, ಬಿಸಿಯೂಟದ ಲೆಕ್ಕ ಬರೆಯುತ್ತಲೇ, ಜನಗಣತಿಗೂ ಚುನಾವಣೆಗೂ ಹೋಗಿ ಬರುತ್ತಲೇ ಒಬ್ಬ ಮಾಸ್ತರರು ಆ ಪ್ರಶ್ನೆಯನ್ನು ಕೇಳಬಲ್ಲರೆ ಎಂಬುದೇ ನಮ್ಮ ಚಿಂತೆ.

ಕೇಳಬಲ್ಲರೆಂದು ನಾನು ನಂಬುತ್ತೇನೆ. ಆದರೆ ಅದಕ್ಕೆ ಪ್ರಶ್ನೆಯು ಆಕಾಶದಿಂದಿಳಿದು ತರಗತಿಯ ನೆಲದ ಮೇಲೆ ಕೂರಬೇಕು. ಒಂದು ನಿದರ್ಶನವನ್ನೇ ಸಮೀಪದಿಂದ ನೋಡೋಣ. ಹಾವೇರಿ ಸೀಮೆಯಲ್ಲಿ ಸಂಕರ ಹತ್ತಿಯ ಬೀಜೋತ್ಪಾದನೆ ದೊಡ್ಡ ಉದ್ಯೋಗ. ಹಂಗಾಮು ಬಂದಾಗ ಹೊಲಹೊಲಗಳಲ್ಲಿ ಕ್ರಾಸಿಂಗ್ ನಡೆಯುತ್ತದೆ: ಸಂಜೆಯಲ್ಲಿ, ಮರುದಿನ ಅರಳಲಿರುವ ಮೊಗ್ಗಿನ ದಳವನ್ನು ಉಗುರಿನಿಂದ ಬಿಡಿಸಿ ಕೇಸರಗಳನ್ನು ತೆಗೆದುಹಾಕಿ ಗುರುತಿಟ್ಟಿರುತ್ತಾರೆ; ಬೆಳಗಾದೊಡನೆ ಗಂಡು ಸಾಲಿನ ಹೂವನ್ನು ತಂದು ಅದರ ಪರಾಗವನ್ನು ಗುರುತಿಟ್ಟ ಹೂವಿನ ಶಲಾಕೆಯ ತುದಿಗೆ ಮೆತ್ತುತ್ತಾರೆ. ಸಣ್ಣ ಕೈಗಳಿಗೆ ಸುಲಭವೆಂಬ ನೆಪದಿಂದ ಈ ಕೆಲಸಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಹಚ್ಚುತ್ತಿದ್ದ ಸಂಗತಿ ಈ ಭಾಗಕ್ಕೆ ಅಪರಿಚಿತವಲ್ಲ. ಅದೇ ಹಂಗಾಮಿನ ಬೆಳಗ್ಗೆ ಶಾಲೆಯಲ್ಲಿ ವಿಜ್ಞಾನದ ಪಾಠ ನಡೆದಿದೆಯೆನ್ನಿ, ಪಾಠದ ವಿಷಯ ಪರಾಗಸ್ಪರ್ಶ. ಮಾಸ್ತರರು ಹಲಗೆಯ ಮೇಲೆ ಹೂವಿನ ನೀಳಛೇದ ಬರೆದು ಭಾಗಗಳನ್ನು ಗುರುತಿಸುತ್ತಿದ್ದಾರೆ. ಹಾಜರಿಪುಸ್ತಕದಲ್ಲಿ ಗೈರುಹಾಜರಿ ಬಿದ್ದ ಹುಡುಗಿಯೊಬ್ಬಳು ಎರಡು ಮೈಲಿಯಾಚೆಯ ಹೊಲದಲ್ಲಿ ಅದನ್ನೇ ತನ್ನ ಬೆರಳುಗಳಿಂದ ಮಾಡುತ್ತಿದ್ದಾಳೆ.

ಈ ಸಂಗತಿಯೆದುರು ಮಾಸ್ತರರು ಮೂರು ರೀತಿಯಲ್ಲಿ ವರ್ತಿಸಬಹುದು. ಮೊದಲನೆಯದು ಹಾಜರಾತಿಯ ಸಮಸ್ಯೆಯೆಂದು ಬಗೆದು ಮನೆಗೆ ಹೇಳಿಕಳುಹುವುದು. ಅದು ಅವರ ಕರ್ತವ್ಯ, 2009ರ ಶಿಕ್ಷಣ ಹಕ್ಕಿನ ಕಾನೂನು ವಿಧಿಸಿದ್ದೂ ಹೌದು. ಎರಡನೆಯದು, ತರಬೇತಿಯಲ್ಲಿ ಕಲಿತಂತೆ, ಹುಡುಗಿ ಮರಳಿದಾಗ ಅವಳ ಅನುಭವವನ್ನು 'ಸ್ಥಳೀಯ ಸಂಪನ್ಮೂಲ'ವೆಂದು ಬಳಸಿ ಪಾಠವನ್ನು ರಂಜಕಗೊಳಿಸುವುದು. ಒಳ್ಳೆಯದೇ, ಆದರೆ ಇಲ್ಲಿ ಹುಡುಗಿಯ ದುಡಿತವು ಪಾಠಕ್ಕೆ ಪೂರಕವಾಯಿತೇ ವಿನಾ ಪಾಠವು ಹುಡುಗಿಗೆ ಪೂರಕವಾಗಲಿಲ್ಲ. ಮೂರನೆಯದು ಮಾಸ್ತರರು ತಮ್ಮನ್ನೇ ಕೇಳಿಕೊಳ್ಳುವುದು: ಹೊಲ ಇವಳಿಗೆ ಕೊಡಲಾರದ ಯಾವುದನ್ನು ನನ್ನ ಶಾಲೆ ಕೊಡುತ್ತಿದೆ? ಹೇಗೆಂಬುದನ್ನು ಅವಳ ಬೆರಳು ನನಗಿಂತ ಚೆನ್ನಾಗಿ ಬಲ್ಲದು. ಆದರೆ ಹೀಗೆ ಹುಟ್ಟಿದ ಬೀಜವನ್ನು ಒಮ್ಮೆ ಬಿತ್ತಿ ಬೆಳೆದವನು, ತನ್ನ ಬೆಳೆಯ ಬೀಜವನ್ನೇ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದರೆ ಅದೇ ಗುಣ ಏಕೆ ಉಳಿಯದು, ಆದ್ದರಿಂದ ರೈತನು ವರ್ಷವರ್ಷವೂ ಬೀಜದ ಚೀಲ ಕೊಳ್ಳಬೇಕಾದುದು ಏಕೆ, ಚೀಲದ ಬೆಲೆಗೂ ಅವಳ ದಿನಗೂಲಿಗೂ ಏನು ಸಂಬಂಧ, ಜಗತ್ತಿನ ಮೊದಲ ವಾಣಿಜ್ಯ ಸಂಕರ ಹತ್ತಿ 1970ರಲ್ಲಿ ಗುಜರಾತಿನಲ್ಲಿ ಬಂದು, ಎರಡೇ ವರ್ಷಗಳಲ್ಲಿ ನಮ್ಮ ಧಾರವಾಡದಿಂದಲೇ 'ವರಲಕ್ಷ್ಮಿ' ಎಂಬ ಪ್ರಸಿದ್ಧ ತಳಿ ಹೊರಟ ಮೇಲೆ ಈ ನಾಡಿನ ಹೊಲಗಳು ಹೇಗೆ ಮಾರ್ಪಟ್ಟವು ಎಂಬಿವೇ ಮೊದಲಾದವನ್ನು ಹೊಲವು ಅವಳಿಗೆ ಎಂದಿಗೂ ಹೇಳದು. ಹೇಳಬೇಕಾದುದು ಶಾಲೆ. ತನ್ನ ದುಡಿತವನ್ನು ದೂರ ನಿಂತು ನೋಡಿ ಅದರ ಮೇಲೆ ಪ್ರಶ್ನೆ ಹಾಕಬಲ್ಲ ಶಕ್ತಿಯನ್ನು ಕೊಡುವುದೇ ಶಿಕ್ಷಣದ ಉದ್ದೇಶವೆಂದು ನಾನು ಹೇಳುತ್ತೇನೆ. ಓದುಬರಹ, ಲೆಕ್ಕ, ವಿಜ್ಞಾನ ಇವೆಲ್ಲ ಆ ಶಕ್ತಿಯ ಅಂಗಗಳು.

ಇದಕ್ಕೆ ತಂದೆತಾಯಿಗಳ ಕಡೆಯಿಂದ ಒಂದು ಬಲವಾದ ಆಕ್ಷೇಪವುಂಟು. 'ನಾವು ಪಟ್ಟ ಪಾಡು ಅವರು ಪಡಬಾರದ್ರಿ ಸರ. ಒಂದು ನೌಕರಿ ಹಿಡದ್ರ ಸಾಕು' ಎನ್ನುವ ತಾಯಿಯೆದುರು ಶಿಕ್ಷಣದ ಪರಮೋದ್ದೇಶದ ವ್ಯಾಖ್ಯಾನ ಮಾಡುವ ಪಂಡಿತನು ನನಗೆ ಅಷ್ಟೇನೂ ಪ್ರಿಯನಲ್ಲ. ನೌಕರಿಯ ಆಸೆಯನ್ನು ಕ್ಷುದ್ರವೆನ್ನುವವರು ಸಾಮಾನ್ಯವಾಗಿ ನೌಕರಿಯಲ್ಲಿರುವವರೇ. ಮಳೆಯನ್ನು, ಗೋವಿನಜೋಳದ ಧಾರಣೆಯನ್ನು, ಸಾಲದ ಬಡ್ಡಿಯನ್ನು ನೆಚ್ಚಿ ಬದುಕಿದವಳಿಗೆ ನಿಶ್ಚಿತವಾದ ಸಂಬಳವೆಂಬುದು ಸ್ವಾತಂತ್ರ್ಯದ ಇನ್ನೊಂದು ರೂಪ. ಅದೂ ಉದ್ದೇಶದ ಪ್ರಶ್ನೆಗೆ ಆಕೆ ಕೊಟ್ಟ ಉತ್ತರವೇ. ಆದರೆ ಆ ತಾಯಿಗೆ ಶಾಲೆ ಮಾತು ಕೊಟ್ಟಷ್ಟು ನೌಕರಿಗಳು ನಾಡಿನಲ್ಲಿಲ್ಲ, ಮತ್ತು ನೌಕರಿಯೊಂದೇ ಗುರಿಯೆಂದು ಕಲಿತವನು ಅದು ಸಿಗದೆ ಊರಿಗೆ ಮರಳಿದಾಗ ತನ್ನನ್ನು ಸೋತವನೆಂದೇ ಎಣಿಸಿಕೊಳ್ಳುತ್ತಾನೆ. ಅವಳ ಆಸೆಯನ್ನು ಗೌರವಿಸಬೇಕಾದ ಕಾರಣದಿಂದಲೇ ಶಾಲೆಯು ಆ ಆಸೆಗಿಂತ ವಿಶಾಲವಾಗಿರಬೇಕು.

ಉದ್ದೇಶವನ್ನು ಮಗುವಿನಿಂದ ಆರಂಭಿಸಿ ಯೋಚಿಸಿದವರು ಈ ಸೀಮೆಯಲ್ಲೇ ಇದ್ದರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡ ಹುಡುಗನನ್ನು, ಅವನ ಕುರುಡ ಸಹೋದರನೊಡನೆ, ಹಾನಗಲ್ಲ ಕುಮಾರಸ್ವಾಮಿಗಳು ಕಂಡಾಗ, ಅಂದಿನ ಯಾವ ಶಾಲೆಯ ಯಾವ ಪಾಠಕ್ರಮದಲ್ಲೂ ಆ ಮಕ್ಕಳಿಗೆ ಸ್ಥಳವಿರಲಿಲ್ಲ. ಈ ಮಗುವಿನಲ್ಲಿ ಏನಿದೆ ಎಂದು ಅವರು ಮೊದಲು ನೋಡಿದರು, ಕಂಠವಿದೆಯೆಂದು ಕಂಡರು, ಸಂಗೀತಕ್ಕೆ ಹಚ್ಚಿದರು. ಆತನೇ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯ, ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅಂಧ ಪುಟ್ಟರಾಜ ಗವಾಯಿಗಳು. ಇಬ್ಬರಿಂದಲೂ ಬೆಳೆದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಕುರುಡರೂ ಬಡವರೂ ಅಸಂಖ್ಯರು. ಅಲ್ಲಿಂದ ಹೊರಬಿದ್ದವರಿಗೆ ಹೊಟ್ಟೆಪಾಡಿನ ದಾರಿಯೂ ಸಿಕ್ಕಿತೆಂಬುದನ್ನು ನೌಕರಿಯ ಆಕ್ಷೇಪವೆತ್ತುವವರು ಗಮನಿಸಬೇಕು.

ಇದೇ ಸೀಮೆಯ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರ ಹೆಸರಿನ, ಶಾಲೆಯ ಭಾಷೆಗಳನ್ನು ಕುರಿತ ವರದಿ, ಅದರ ಬೆನ್ನಿಗೆ 1982ರ ಚಳವಳಿ, ಶಿಕ್ಷಣದ ಒಂದು ಪ್ರಶ್ನೆಯನ್ನು ಬೀದಿಗೆ ತಂದವು. ಯಾವ ಭಾಷೆಗೆ ಪ್ರಥಮ ಸ್ಥಾನವೆಂಬುದನ್ನು ಅಂದು ನಾಡಿಗೆ ನಾಡೇ ಚರ್ಚಿಸಿತು. ಆ ಭಾಷೆಯಲ್ಲಿ ಏನನ್ನು, ಯಾವ ಬಾಳಿಗಾಗಿ ಕಲಿಸಬೇಕೆಂಬ ಚರ್ಚೆ ಅಷ್ಟು ದೂರ ಸಾಗಲಿಲ್ಲವೆಂಬುದು ನನ್ನ ಅಭಿಪ್ರಾಯ.

ಐದನೆಯ ತರಗತಿಯ ಮಗು ಎರಡನೆಯ ತರಗತಿಯ ವಾಕ್ಯವನ್ನು ಓದಲಾರದಿರುವಾಗ ಉದ್ದೇಶದ ಮೀಮಾಂಸೆ ವಿಲಾಸವಲ್ಲವೆ ಎಂದು ಕೇಳುವವರೂ ಇದ್ದಾರೆ. ವಿಲಾಸವಲ್ಲ. ಓದು ತನ್ನ ಯಾವ ಕೆಲಸಕ್ಕೂ ಒದಗದೆಂದು ಮಗುವಿಗೆ ಅನ್ನಿಸಿರುವಲ್ಲಿ ಅಕ್ಷರ ನಾಟುವುದಿಲ್ಲ, ಮತ್ತು ಅದಕ್ಕೆ ಹಾಗೇಕೆ ಅನ್ನಿಸಿತೆಂಬುದನ್ನು ಕಂಡುಹಿಡಿಯಬಲ್ಲವರು ಪ್ರತಿದಿನ ಅದರ ಮುಂದೆ ನಿಲ್ಲುವ ಮಾಸ್ತರರೊಬ್ಬರೇ. ಬೆಂಗಳೂರಿನ ಯಾವ ಕೈಪಿಡಿಯೂ ಅಲ್ಲ.

ಹೀಗಿರಲು ಹಾವೇರಿಯ ಡಯಟ್‌ನವರಲ್ಲಿಯೂ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಶಿಕ್ಷಣಾಧಿಕಾರಿಗಳಲ್ಲಿಯೂ ನನ್ನ ವಿಜ್ಞಾಪನೆ ಇದು. ತಿಂಗಳ ಸಮಾಲೋಚನಾ ಸಭೆಗಳಲ್ಲಿ, ಎಲ್ಲವನ್ನೂ ಅಲ್ಲದಿದ್ದರೂ, ಎರಡು ತಿಂಗಳಿಗೊಂದನ್ನು ಶಿಕ್ಷಕರಿಗೇ ಬಿಟ್ಟುಕೊಡಿರಿ. ಆ ದಿನ ಸುತ್ತೋಲೆ ಓದುವುದು ಬೇಡ, ಸಂಪನ್ಮೂಲ ವ್ಯಕ್ತಿಗಳು ಬೇಡ, ಚಾರ್ಟ್ ಪೇಪರು ಬೇಡ, ಸಭೆಯ ವರದಿ ಮೇಲಕ್ಕೆ ಹೋಗುವುದು ಬೇಡ; ಹಾಜರಿಯೊಂದು ಇರಲಿ. ಪ್ರತಿ ಶಿಕ್ಷಕರೂ ತಮ್ಮ ತರಗತಿಯ ಒಂದೇ ಒಂದು ಮಗುವಿನ ನೋಟ್‌ಬುಕ್ಕು ತರಲಿ, ಸಾಧ್ಯವಾದಷ್ಟೂ ಹಿಂದಿನ ಸಾಲಿನ ಮಗುವಿನದು. ಅದನ್ನು ಮುಂದಿಟ್ಟುಕೊಂಡು ಈ ಮಗುವಿಗೆ ನಾವು ಕಲಿಸುತ್ತಿರುವುದು ಏತಕ್ಕೆ ಎಂದು ಮಾತನಾಡಲಿ. ಭಿನ್ನಾಭಿಪ್ರಾಯ ಬಂದರೆ ಬರಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಹೊಸ ಆದೇಶವೂ ಬೇಕಿಲ್ಲ. ಒಂದು ಮಧ್ಯಾಹ್ನ ಸಾಕು. ಅಧಿಕಾರಿಗಳು ಒಪ್ಪುವವರೆಗೆ ಕಾಯಬೇಕೆಂದೂ ಇಲ್ಲ. ಒಂದೇ ಶಾಲೆಯ ಇಬ್ಬರು ಶಿಕ್ಷಕರು ಮನಸ್ಸು ಮಾಡಿದರೆ ಬರುವ ಶನಿವಾರವೇ ಮೊದಲುಮಾಡಬಹುದು.