ಬೇಜಾರು ಕಣೇ

ನಮ್ಮಲ್ಲಿ 'ಬೇಜಾರು' ಎಂಬ ಮಾತಿದೆಯಲ್ಲ, ಅದು ಪಾರಸಿಯಿಂದ ಬಂದದ್ದು. ಬಂದು ಎಷ್ಟು ಕಾಲವಾಯಿತೋ, ಈಗ ಅದು ಹಿತ್ತಲಿನ ಬಸಳೆಯಷ್ಟೇ ನಮ್ಮದು. ಮಗ ಪರೀಕ್ಷೆಯಲ್ಲಿ ನಪಾಸಾದರೆ ಬೇಜಾರು. ಗೆಳತಿ ಮಗಳ ಮದುವೆಗೆ ಕರೆಯದಿದ್ದರೆ ಬೇಜಾರು. ಭಾನುವಾರ ಮಧ್ಯಾಹ್ನ ಮಾಡಲು ಏನೂ ಇಲ್ಲದಿದ್ದರೂ ಬೇಜಾರೇ. ದುಃಖ, ಮುನಿಸು, ಹೊತ್ತು ಹೋಗದಿರುವುದು, ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ. ಅದರಿಂದೇನು ತೊಂದರೆ ಎಂದು ನೀವು ಕೇಳಬಹುದು. ಐವತ್ತು ದಾಟುವವರೆಗೆ ನನಗೂ ಏನೂ ತೊಂದರೆಯಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ತಿಪಟೂರಿನ ಕಡೆಯ ನಮ್ಮ ಹಳ್ಳಿಯಿಂದ ಕರೆದುಕೊಂಡು ಬಂದೆ. ಆಕೆಗೆ ಆಗ ಎಪ್ಪತ್ತೆಂಟು. ಬಿಸಿಲು ಬೀಳುವ ಕೋಣೆ, ಮಂಚ, ಫ್ಯಾನು, ಎದುರಿಗೆ ಟಿ.ವಿ. ಎಲ್ಲ ಅಣಿ ಮಾಡಿದ್ದೆ. ಮೊದಲ ದಿನವೇ ಅಮ್ಮ ಪೊರಕೆ ಹಿಡಿದಳು. ಕಸಿದುಕೊಂಡೆ. ಎರಡನೆಯ ದಿನ ಅಕ್ಕಿ ಮೊರ ಹಿಡಿದಳು. "ಈಗ ಕಲ್ಲಿರೋ ಅಕ್ಕಿ ಬರಲ್ಲಮ್ಮ, ಜೀವಮಾನವೆಲ್ಲ ದುಡಿದಿದ್ದೀಯ, ಸುಮ್ಮನೆ ಕೂತ್ಕೋ" ಎಂದೆ. ತೆಂಗಿನ ಗರಿ ಸೀಳಿ, ಕಡ್ಡಿ ತೆಗೆದು ಪೊರಕೆ ಕಟ್ಟುತ್ತಿದ್ದ ಕೈ. ಅದು ಸುಮ್ಮನೆ ತೊಡೆಯ ಮೇಲೆ ಕೂತಿತು. ನಾನು ದೊಡ್ಡ ಪುಣ್ಯದ ಕೆಲಸ ಮಾಡಿದೆನೆಂದುಕೊಂಡು ಶಾಲೆಗೆ ಹೋದೆ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅಮ್ಮ, "ಯಾಕೋ ಬೇಜಾರು ಕಣೇ" ಎಂದಳು. ಅಪ್ಪನ ನೆನಪಾಗಿರಬೇಕೆಂದು ಸಮಾಧಾನ ಹೇಳಿದೆ. ಇನ್ನೊಂದು ದಿನವೂ ಅದೇ ಮಾತು. ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಮೂರನೆಯ ಸಲ ನಾನು ಶಾಲೆಯಿಂದ ತಲೆನೋವು ಹೊತ್ತು ಬಂದಿದ್ದೆ. "ನಿನಗೆ ಏನಮ್ಮ ಕಡಿಮೆ ಮಾಡಿದ್ದೀನಿ?" ಎಂದುಬಿಟ್ಟೆ. ಆಮೇಲೆ ಅಮ್ಮ ನನ್ನೆದುರು ಆ ಮಾತನ್ನೇ ಆಡಲಿಲ್ಲ.

ಮಾತು ನಿಂತರೂ ಮೈ ಸುಮ್ಮನಿರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಆಕಳಿಕೆ. ಸೆರಗಿನ ತುದಿಯನ್ನು ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆಯಿಲ್ಲದೆ ಹಜಾರದಲ್ಲಿ ಓಡಾಟ. ಡಾಕ್ಟರು ಬಿ.ಪಿ., ಸಕ್ಕರೆ ಎಲ್ಲ ನೋಡಿ, ವಯಸ್ಸಿಗೆ ತಕ್ಕ ಹಾಗಿದ್ದಾರೆ ಎಂದರು.

ಮನಶ್ಶಾಸ್ತ್ರ ಓದುತ್ತಿದ್ದ ನನ್ನ ಮಗಳು ಆ ದಿನಗಳಲ್ಲಿ ಒಂದು ಪ್ರಯೋಗದ ವಿಷಯ ಹೇಳಿದಳು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಮೆರಿಫೀಲ್ಡ್ ಮತ್ತು ಡಾಂಕರ್ಟ್ ಎಂಬಿಬ್ಬರು ಬೇಸರವಾದಾಗ ಮೈಯಲ್ಲಿ ಏನಾಗುತ್ತದೆ ಎಂದು ಅಳೆದು, 2014ರಲ್ಲಿ ಪ್ರಕಟಿಸಿದರು. ಜನರಿಗೆ ದುಃಖದ ಚಿತ್ರವೊಂದನ್ನು, ಬೇಸರದ ಚಿತ್ರವೊಂದನ್ನು ತೋರಿಸಿದರು. ಬೇಸರ ತರಿಸಲು ಅವರು ಆರಿಸಿದ ಚಿತ್ರ ಯಾವುದು ಗೊತ್ತೆ? ಇಬ್ಬರು ಗಂಡಸರು ಬಟ್ಟೆ ಒಣಹಾಕುತ್ತಿರುವುದು! ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾವು ಹೆಂಗಸರು ದಿನವೂ ಮಾಡುವ ಕೆಲಸ ಅವರಿಗೆ ಬೇಸರದ ಅಳತೆಗೋಲಾಯಿತಲ್ಲ!

ಅವರಿಗೆ ಕಂಡದ್ದು ಮಾತ್ರ ನಗುವ ವಿಷಯವಲ್ಲ. ದುಃಖದ ಹೊತ್ತಿಗೆ ಹೋಲಿಸಿದರೆ ಬೇಸರದ ಹೊತ್ತಿನಲ್ಲಿ ಎದೆಬಡಿತ ಏರುತ್ತ ಹೋಯಿತು. ಗಮನದ ಗುರುತೆಂದು ಹೇಳುವ ಚರ್ಮದ ವಿದ್ಯುತ್ ವಾಹಕತೆ ಇಳಿಯಿತು. ಒತ್ತಡದಲ್ಲಿ ಸುರಿಯುವ ಕಾರ್ಟಿಸಾಲ್ ಎಂಬ ರಸ ಹೆಚ್ಚಿತ್ತು. ಎಂದರೆ ಬೇಸರಪಟ್ಟವನು ಹೊರಗೆ ಜಡವಾಗಿ ಕಂಡರೂ ಒಳಗೆ ಚಡಪಡಿಸುತ್ತಿರುತ್ತಾನೆ. ಒಂದು ಪ್ರಯೋಗದಿಂದ ಎಲ್ಲವೂ ತೀರ್ಮಾನವಾಗದು, ನಿಜ. ಆದರೆ ನನ್ನ ನಗು ಅಲ್ಲಿಗೇ ನಿಂತಿತು. ಬೇರೆಯವರು ಬಟ್ಟೆ ಒಣಹಾಕುವುದನ್ನು ಕೈಕಟ್ಟಿ ನೋಡುತ್ತ ಕೂತವರಿಗೂ, ಟಿ.ವಿ. ಎದುರು ನಾನು ಕೂರಿಸಿದ್ದ ಅಮ್ಮನಿಗೂ ಏನು ವ್ಯತ್ಯಾಸ? ಅಮ್ಮ ಬೇಜಾರು ಎಂದಾಗ ನಾನು ಒಮ್ಮೆ ದುಃಖವೆಂದು ತಿಳಿದೆ, ಇನ್ನೊಮ್ಮೆ ಆಕ್ಷೇಪಣೆಯೆಂದು ತಿಳಿದೆ. ಚೀಲದೊಳಗಿನ ಮೂರನೆಯ ಅರ್ಥ ನನಗೆ ಹೊಳೆಯಲೇ ಇಲ್ಲ.

ಆಕಳಿಕೆಯ ಬಗ್ಗೆಯೂ ನಾನು ತಪ್ಪೇ ತಿಳಿದಿದ್ದೆ. ರಕ್ತಕ್ಕೆ ಆಮ್ಲಜನಕ ಸಾಲದಾದಾಗ ಆಕಳಿಕೆ ಬರುತ್ತದೆ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೇನೆ. ಅಮೆರಿಕದ ರಾಬರ್ಟ್ ಪ್ರೊವೈನ್ 1987ರಲ್ಲೇ ಇದನ್ನು ಪರೀಕ್ಷಿಸಿದ್ದರು. ಶುದ್ಧ ಆಮ್ಲಜನಕ ಉಸಿರಾಡಿಸಿದರೂ ಆಕಳಿಕೆ ಕಡಿಮೆಯಾಗಲಿಲ್ಲ, ಇಂಗಾಲದ ಡೈ ಆಕ್ಸೈಡ್ ಬೆರೆಸಿದ ಗಾಳಿ ಕೊಟ್ಟರೂ ಹೆಚ್ಚಾಗಲಿಲ್ಲ. ಓಟದ ಪಂದ್ಯಕ್ಕೆ ನಿಂತವರೂ ಆಕಳಿಸುತ್ತಾರೆ. ಮೈ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳಲು ನೋಡುವಾಗ ಆಕಳಿಕೆ ಬರುತ್ತದೆ ಎಂಬುದು ಅವರ ಅಭಿಪ್ರಾಯ. ಹಾಗಾದರೆ ಪಾಠದ ನಡುವೆ ಆಕಳಿಸುವ ಹುಡುಗಿ ನನಗೆ ಅಗೌರವ ತೋರಿಸುತ್ತಿಲ್ಲ. ಎಚ್ಚರವಾಗಿರಲು ಪಾಪ ಒದ್ದಾಡುತ್ತಿದ್ದಾಳೆ.

ಇದನ್ನು ಬರೆಯುವಾಗ ಎಂಟನೆಯ ತರಗತಿಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ನಾನು ಪಾಠ ಮಾಡುತ್ತಿದ್ದರೆ ಆಕೆ ಪುಸ್ತಕದ ಅಂಚಿನಲ್ಲಿ ಚುಕ್ಕಿ ಇಟ್ಟು ರಂಗೋಲಿ ಬರೆಯುತ್ತಿದ್ದಳು. ಒಂದು ದಿನ ಆ ಹಾಳೆಯನ್ನು ಹರಿದು, ಎಲ್ಲರೆದುರು ಎತ್ತಿ ತೋರಿಸಿದೆ. ಹುಡುಗಿ ಅಳಲಿಲ್ಲ. ತಲೆ ತಗ್ಗಿಸಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. ಇಂಗ್ಲೆಂಡಿನ ಜಾಕಿ ಆಂಡ್ರೇಡ್ ಎಂಬಾಕೆ 40 ಜನರಿಗೆ ನೀರಸವಾದ ಒಂದು ಫೋನ್ ಸಂದೇಶ ಕೇಳಿಸಿ, ಅರ್ಧದಷ್ಟು ಜನಕ್ಕೆ ಕೇಳುತ್ತಲೇ ಕಾಗದದ ಮೇಲಿನ ಆಕೃತಿಗಳಿಗೆ ಬಣ್ಣ ತುಂಬಲು ಹೇಳಿದ್ದರು. ಹಾಗೆ ಗೀಚುತ್ತ ಕೇಳಿದವರಿಗೇ ಶೇಕಡ 29ರಷ್ಟು ಹೆಚ್ಚು ನೆನಪಿತ್ತು. ಇದು 2009ರಲ್ಲಿ ಪ್ರಕಟವಾಯಿತು. ನಾನು ಓದಿದಾಗ ಆ ಹುಡುಗಿ ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಹಾಗಾದರೆ ಬೇಸರ ಪಡುವುದು ತಪ್ಪೇ? ಹಿರಿಯರು ತಪ್ಪೆಂದೇ ಹೇಳುತ್ತ ಬಂದರು. ಗೀತೆಯಲ್ಲಿ ಆಲಸ್ಯ, ನಿದ್ರೆಗಳನ್ನು ತಮೋಗುಣಕ್ಕೆ ಸೇರಿಸಿದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಕ್ರೈಸ್ತ ಸನ್ಯಾಸಿ ಇದನ್ನು ನಡುಹಗಲಿನ ಭೂತವೆಂದು ಕರೆದ. ಸೂರ್ಯ ನಿಂತಲ್ಲೇ ನಿಂತಂತೆ ಕಾಣುವುದು, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುವುದು, ಯಾರಾದರೂ ಬರುತ್ತಾರೇನೋ ಎಂದು ಕಾಯುವುದು, ಎಲ್ಲವನ್ನೂ ಆತ ಬರೆದಿದ್ದಾನೆ. ಓದಿದರೆ ನಮ್ಮ ಹಜಾರದ ಅಮ್ಮನೇ ಕಣ್ಣೆದುರು ಬರುತ್ತಾಳೆ. ಆದರೆ ಆ ಸನ್ಯಾಸಿ ಬೇಕೆಂದು ಆರಿಸಿಕೊಂಡ ಏಕಾಂತ ಅದು. ಅಮ್ಮನದನ್ನು ಆರಿಸಿದವಳು ನಾನು.

ನನಗೀಗ ಬೇಸರ ಹಸಿವಿನಂತೆ ಕಾಣುತ್ತದೆ. ಹಸಿವು ಪಾಪವಲ್ಲ, ಮೈ ಕೊಡುವ ಸೂಚನೆ. ಹಸಿದವರನ್ನು ಯಾರೂ ಬೈಯುವುದಿಲ್ಲ, ಏನು ಬಡಿಸಿದೆವು ಎಂದು ನೋಡಿಕೊಳ್ಳುತ್ತಾರೆ. ಹಾಗೆಂದು ಬಾಯಿಗೆ ಹಾಕಿಕೊಂಡದ್ದೆಲ್ಲ ಊಟವೂ ಅಲ್ಲ. 2014ರಲ್ಲೇ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದವರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಜನರನ್ನು 15 ನಿಮಿಷ ಬರಿಗೈಯಲ್ಲಿ ಒಬ್ಬಂಟಿಯಾಗಿ ಕೂರಿಸಿ, ಪಕ್ಕದಲ್ಲಿ ಮೈಗೆ ವಿದ್ಯುತ್ ಷಾಕ್ ಕೊಟ್ಟುಕೊಳ್ಳುವ ಒಂದು ಗುಂಡಿ ಇಟ್ಟಿದ್ದರು. ದುಡ್ಡು ಕೊಟ್ಟಾದರೂ ಆ ಷಾಕ್ ತಪ್ಪಿಸಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದವರಲ್ಲೇ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಕೊಂಡರು! ನಮ್ಮ ಕೈಯ ಮೊಬೈಲು ನೆನಪಾಯಿತೇ? ನನಗೂ ಆಯಿತು. ಹಾಲು ಕಾಯುವ ಎರಡು ನಿಮಿಷಕ್ಕೂ ಅದನ್ನು ತೆರೆಯುವವಳು ನಾನು. ಹಾಲು ಉಕ್ಕಿದ ಮೇಲೇ ಮುಚ್ಚುವುದು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಆ ವರ್ಷ ಅವರೆಕಾಯಿ ಸೊಗಡು ಹಿಡಿದಾಗ, ಸುಲಿದ ಕಾಳಿನ ಪೊಟ್ಟಣ ಬಿಟ್ಟು ಮೂರು ಕೆ.ಜಿ. ಕಾಯಿ ತಂದು ಆಕೆಯ ಮುಂದೆ ಸುರಿದೆ. ಒಂದು ಕಾಯಿ ಎತ್ತಿ ಮೂಸಿ ನೋಡಿ, "ಎಷ್ಟು ಕೊಟ್ಟೆ? ಎಳೆಕಾಯಿ ಜಾಸ್ತಿ ಹಾಕಿ ಮೋಸ ಮಾಡಿದಾನೆ" ಎಂದಳು. ನಾಲ್ಕು ತಿಂಗಳಲ್ಲಿ ನನಗೆ ಬಿದ್ದ ಮೊದಲ ಬೈಗುಳ. ಸುಲಿದು, ನೆನೆಹಾಕಿ, ಮಾರನೆಯ ದಿನ ಹಿತಕಿ ಬೇಳೆ ಮಾಡಿದಳು. ಆ ರಾತ್ರಿ ಹಜಾರದಲ್ಲಿ ಓಡಾಟ ಕೇಳಿಸಲಿಲ್ಲ.

ಕೆಲಸವೇ ಔಷಧಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೆಂಗಸರಿಗೆ ಹೇಳುವವರು ಈಗಾಗಲೇ ಬೇಕಾದಷ್ಟಿದ್ದಾರೆ. ಕಾಳು ಹಿತಕುತ್ತ ಕೂತಿದ್ದಾಗ ಒಮ್ಮೆ ಕೇಳಿದೆ: "ಅಮ್ಮ, ಐವತ್ತು ವರ್ಷ ದಿನಾ ಅದೇ ಒಲೆ, ಅದೇ ಮುಸುರೆ. ಬೇಜಾರಾಗ್ತಿರಲಿಲ್ವಾ?"

"ಆಗ್ದೆ ಏನು? ಹೇಳಿದ್ರೆ ಕೇಳೋರು ಯಾರಿದ್ರು?" ಎಂದಳು, ತಲೆ ಎತ್ತದೆ.

ಕೆಲಸ ಹೇರಿದಾಗಲೂ ಯಾರೂ ಆಕೆಯನ್ನು ಕೇಳಲಿಲ್ಲ, ನಾನು ಕೆಲಸ ಕಸಿದುಕೊಂಡಾಗಲೂ ಕೇಳಲಿಲ್ಲ.

ಈಗ ಅಮ್ಮ ಮತ್ತೆ ಆ ಮಾತು ಆಡುತ್ತಾಳೆ. ಮೊನ್ನೆಯೂ "ಬೇಜಾರು ಕಣೇ" ಎಂದಳು. ನಾನು ಅವರೆಕಾಯಿಗೆ ಚೀಲ ಹುಡುಕಲು ಹೋಗಲಿಲ್ಲ. "ಯಾವ ಬೇಜಾರಮ್ಮ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಇವತ್ತು ನಿಮ್ಮಪ್ಪಂದು" ಎಂದಳು. ಪಕ್ಕದಲ್ಲಿ ಕುಳಿತುಕೊಂಡೆ.