ಇಳಿಜಾರಿನ ಲೆಕ್ಕ

ಬೆಂಗಳೂರನ್ನು ಬೆಟ್ಟದ ಊರೆಂದು ಯಾರೂ ಕರೆಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ಹರಡಿಕೊಂಡಿರುವ ಈ ನಗರವು ಮೋಟಾರುಗಳಲ್ಲಿ ಸಂಚರಿಸುವವರಿಗೆ ಸಮತಟ್ಟಾದ ಬಯಲಿನಂತೆಯೇ ತೋರುತ್ತದೆ. ಆದರೆ ಕೆಂಗೇರಿಯಲ್ಲಿ ಬೈಸಿಕಲ್ಲನ್ನೇರಿ, ಜ್ಞಾನಭಾರತಿಯ ಮರಗಳ ನೆರಳಿನಲ್ಲಿ ಹಾದು, ನಾಗರಭಾವಿ, ವಿಜಯನಗರ, ಬಸವೇಶ್ವರನಗರಗಳ ಮಾರ್ಗವಾಗಿ ರಾಜಾಜಿನಗರದ ಕಡೆಗೆ ಹೊರಟವನ ಮೊಣಕಾಲುಗಳಲ್ಲಿ ಈ ಭ್ರಾಂತಿ ಬಹಳ ಹೊತ್ತು ಉಳಿಯದು. ನಗರದ ನಡುವೆ ಉತ್ತರ ದಕ್ಷಿಣವಾಗಿ ಒಂದು ದಿಣ್ಣೆ ಹಬ್ಬಿದೆ. ಅದರ ಪೂರ್ವಕ್ಕೆ ಬಿದ್ದ ಮಳೆನೀರು ದಕ್ಷಿಣ ಪಿನಾಕಿನಿಯನ್ನು ಸೇರಿದರೆ, ಪಶ್ಚಿಮಕ್ಕೆ ಬಿದ್ದುದು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಕಡೆಗೆ ಕಾವೇರಿಯನ್ನೂ ಸೇರುವುದು. ನಂದಿಯ ಪಾದದಲ್ಲಿ ಹುಟ್ಟಿದಳೆಂಬ ಪ್ರತೀತಿಯುಳ್ಳ ಈ ವೃಷಭಾವತಿ ಇಂದು ಕೊಳಚೆಯನ್ನು ಹೊತ್ತು ನೊರೆಗಟ್ಟಿ ಹರಿಯುತ್ತಾಳೆ. ಆದರೂ ಪಶ್ಚಿಮದ ಬಡಾವಣೆಗಳಲ್ಲಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ನಿಶ್ಚಯಿಸುವವಳು ಈಗಲೂ ಆಕೆಯೇ.

ಶನಿವಾರ ಭಾನುವಾರಗಳಲ್ಲಿ ಈ ಏರುತಗ್ಗುಗಳನ್ನು ತುಳಿಯುತ್ತ ಹಳೆಯ ಮಿತ್ರರ ಮನೆಗಳನ್ನು ಕಂಡುಬರುವುದು ನನಗೆ ಪ್ರಿಯವಾದ ಉದ್ಯೋಗ. ಏರಿನಲ್ಲಿ ಯೋಚನೆ ಸಾಧ್ಯವಿಲ್ಲ, ಉಸಿರೇ ಸಾಲದು. ಯೋಚನೆಗಳೆಲ್ಲ ಬರುವುದು ಇಳಿಜಾರಿನಲ್ಲಿ, ಕಾಲು ನಿಶ್ಚಲವಾಗಿದ್ದು ಚಕ್ರ ತಾನಾಗಿ ಉರುಳುವಾಗ. ಆಗ ಮುಖಕ್ಕೆ ಬೀಸುವ ಗಾಳಿಯ ಸುಖವಿದೆಯಲ್ಲ, ಅದು ನಾನು ಗಳಿಸಿದುದೋ, ನನಗೆ ಕೊಟ್ಟುದೋ?

ಗಳಿಸಿದುದೇ ಎಂದು ಕರ್ಮವಾದಿಯು ನಿಸ್ಸಂಶಯವಾಗಿ ಹೇಳುವನು. ಏರುವಾಗ ವ್ಯಯಮಾಡಿದ ಶಕ್ತಿಯು ಎತ್ತರದಲ್ಲಿ ಸಂಚಿತವಾಗಿದ್ದು ಇಳಿಯುವಾಗ ಮರಳಿ ಬರುತ್ತದೆಂಬ ಭೌತಶಾಸ್ತ್ರದ ಮಾತೂ ಅವನ ಪಕ್ಷವನ್ನೇ ಹಿಡಿಯುವಂತಿದೆ. ಜ್ಞಾನವುಂಟಾದ ಕೂಡಲೆ ಜ್ಞಾನಿಯ ದೇಹ ಏಕೆ ಬಿದ್ದುಹೋಗುವುದಿಲ್ಲವೆಂಬ ಪ್ರಶ್ನೆಗೆ ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಕುಂಬಾರನ ಚಕ್ರದ ದೃಷ್ಟಾಂತವನ್ನು ಕೊಡುತ್ತಾರೆ: ಒಮ್ಮೆ ತಿರುಗಿಸಿಬಿಟ್ಟ ಚಕ್ರವು ವೇಗ ತೀರುವವರೆಗೆ ತಿರುಗಲೇಬೇಕು, ಪ್ರಾರಬ್ಧವೂ ಹಾಗೆ. ಸಾಂಖ್ಯಕಾರಿಕೆಯಲ್ಲಿಯೂ ಇದೇ ಚಕ್ರ ಬರುತ್ತದೆ. ಪೆಡಲು ತುಳಿಯದೆ ಮಾಗಡಿ ರಸ್ತೆಯ ಕಡೆಗೆ ಉರುಳುವವನಿಗೆ ಈ ವಾದವನ್ನು ನಂಬುವುದು ಬಹು ಸುಲಭ. ಆದರೆ ರಾಜಾಜಿನಗರದಲ್ಲಿ ಮನೆಯುಳ್ಳವನು ಕೆಂಗೇರಿಗೆ ಹೊರಟರೆ, ಅವನಿಗೆ ಮೊದಲೇ ದೊರೆಯುವುದು ಇಳಿತವಲ್ಲವೆ? ಏರದೆಯೇ ಇಳಿದವನ ಸುಖ ಯಾವ ಖಾತೆಯದು? ಹಿಂದಿನ ಜನ್ಮದ ಏರಿನದು ಎಂಬುದು ಸಿದ್ಧವಾದ ಉತ್ತರ. ಅದನ್ನು ನಾನು ಖಂಡಿಸಲಾರೆನಾದರೂ, ಹೆಚ್ಚಾಗಿ ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡವರ ಬಾಯಿಂದಲೇ ಕೇಳಿಬರುವ ಉತ್ತರವಾದ್ದರಿಂದ ಸ್ವಲ್ಪ ಶಂಕಿಸುತ್ತೇನೆ.

ಗಳಿಸಿದುದೋ, ಕೊಟ್ಟುದೋ ಎಂಬ ಈ ಪ್ರಶ್ನೆಯೇ ಶ್ರೀವೈಷ್ಣವರಲ್ಲಿ ದೇವರ ಅನುಗ್ರಹದ ವಿಷಯವಾಗಿ ಎರಡು ಕವಲಾಯಿತು. ತಾಯಿಯನ್ನು ತಾನೇ ಅವಚಿ ಹಿಡಿದುಕೊಳ್ಳುವ ಕೋತಿಮರಿಯಂತೆ ಜೀವನದೂ ಸ್ವಲ್ಪ ಪ್ರಯತ್ನ ಬೇಕೆಂದು ವಡಗಲೆಯವರು, ತಾಯಿ ಬಾಯಲ್ಲಿ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯಂತೆ ಸುಮ್ಮನಿರುವುದೇ ಸಾಕೆಂದು ತೆಂಗಲೆಯವರು. ಮಹಾಲಕ್ಷ್ಮೀ ಬಡಾವಣೆಯ ಗುಡ್ಡದ ಮೇಲಿನ ಆಂಜನೇಯನಿಗೆ ಕೈಮುಗಿಯಲು ಮೆಟ್ಟಿಲೇರುವಾಗ ನಾನು ಕೋತಿಯ ಪಕ್ಷ. ಇಳಿಯುವಾಗ ಬೆಕ್ಕಿನ ಪಕ್ಷಕ್ಕೆ ಮನಸ್ಸು ವಾಲುತ್ತದೆ.

ಬಸವೇಶ್ವರನಗರದ ನನ್ನ ಮಿತ್ರರು ನಿವೃತ್ತ ಗಣಿತೋಪಾಧ್ಯಾಯರು. ಇಂಥ ವಾಲಾಟ ಅವರಿಗೆ ಸಹ್ಯವಲ್ಲ. ಅವರೇಕಾಯಿಯ ಕಾಲದ ಒಂದು ಶನಿವಾರ, ಹಜಾರದಲ್ಲಿ ಮೊರದ ತುಂಬ ಕಾಯಿ ಸುಲಿಯುತ್ತಿದ್ದ ಅವರ ಮನೆಯವರು ಎದ್ದು ತಂದಿತ್ತ ಕಾಫಿಯನ್ನು ನಾನು ಕೈಗೆ ತೆಗೆದುಕೊಳ್ಳುತ್ತಿದ್ದಂತೆಯೇ ಅವರು ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. “ನೀವೂ ನಿಮ್ಮ ಬೈಸಿಕಲ್ಲೂ ಸೇರಿ 80 ಕಿಲೋ, ಏರು 50 ಮೀಟರೆಂದೇ ಹಿಡಿಯೋಣ, ಗಾಳಿಯ ತಡೆಯನ್ನು ಬಿಟ್ಟುಬಿಡಿ. ಸುಮಾರು 40 ಕಿಲೋಜೌಲ್ ಕೆಲಸವಾಯಿತು. ದೇಹ ತಿಂದುದರಲ್ಲಿ ಕಾಲುಭಾಗವಷ್ಟೇ ಕೆಲಸವಾಗುವುದರಿಂದ, ನೀವು ಖರ್ಚು ಮಾಡಿದ್ದು ಹೆಚ್ಚೆಂದರೆ 40 ಕ್ಯಾಲೊರಿ. ಈ ಲೋಟದ ಹಾಲೂ ಸಕ್ಕರೆಯೂ ಅದಕ್ಕಿಂತ ಜಾಸ್ತಿಯೇ ಆಯಿತು, ಸ್ವಾಮಿ. ಕುಡಿದ ಮೇಲೆ ನೀವೇ ನನಗೆ ಬಾಕಿ!”

ಲೆಕ್ಕವನ್ನು ತೀರಾ ಅಲ್ಲಿಗೇ ನಿಲ್ಲಿಸಬಾರದೆಂದು ನಾನು ಆಕ್ಷೇಪಿಸಿದೆನು. ಆ ಲೋಟದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರವನ್ನೂ ಸುಮಾರು 500 ಮೀಟರ್ ಎತ್ತರವನ್ನೂ ಪಂಪುಗಳ ಬಲದಿಂದ ಕ್ರಮಿಸಿ ಬಂದ ಕಾವೇರಿ. ಅದು ಮನೆಗಳಲ್ಲಿ ಬಳಕೆಯಾಗಿ, ಮೈಲಿಗೆಯಾಗಿ, ಅದೇ ವೃಷಭಾವತಿಯಲ್ಲಿಳಿದು ಸಂಗಮದಲ್ಲಿ ಪುನಃ ಕಾವೇರಿಯೇ ಆಗುವುದು. ನಲ್ಲಿಯನ್ನು ತಿರುಗಿಸಿದ ಮಾತ್ರಕ್ಕೆ ಬರುವ ಈ ನೀರು ನಮಗೆ ಅನಾಯಾಸವಾಗಿ ಕಂಡರೂ, ಅದನ್ನು ಯಾರೋ ರಾತ್ರಿಯ ಪಾಳಿಯಲ್ಲಿ ಯಂತ್ರದ ಬಳಿ ನಿಂತು ಏರಿಸಿರುತ್ತಾರೆ. ಅನುಗ್ರಹವೆಂದು ನಾವು ಕೈಮುಗಿಯುವುದರಲ್ಲಿ ಎಷ್ಟೋ ಪಾಲು ಕಣ್ಣಿಗೆ ಕಾಣದ ಅನ್ಯರ ಕಾಯಕವೇ ಆಗಿರಬಹುದು. ಹಾಗೆಂದು ಎಲ್ಲವನ್ನೂ ಕಾಯಕಕ್ಕೆ ಇಳಿಸಿಬಿಡಲು ನನಗೆ ಒಪ್ಪಿಗೆಯಿಲ್ಲ. ಕಾಫಿಗೆ ಲೆಕ್ಕ ಸಿಕ್ಕೀತು, ನನ್ನ ಬೈಸಿಕಲ್ಲಿನ ಗಂಟೆ ಕೇಳಿದೊಡನೆ ಬಾಗಿಲಲ್ಲಿ ಅರಳಿದ ಮುಖಕ್ಕೆ ಸಿಕ್ಕುವುದಿಲ್ಲ.

ಬಸವಣ್ಣನ ಹೆಸರಿನ ಬಡಾವಣೆಯಲ್ಲಿ ಕುಳಿತಾಗ ಆಯ್ದಕ್ಕಿ ಲಕ್ಕಮ್ಮನ ನೆನಪು ಬರುವುದು ಸಹಜವಷ್ಟೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ದಿನದ ಅಗತ್ಯವನ್ನು ಮೀರಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳುಹಿಸಿದಳಂತೆ. ತರುವುದರಲ್ಲಿ ಇಷ್ಟು ನಿಷ್ಠುರವಾದ ಅಳತೆಯನ್ನಿಟ್ಟುಕೊಂಡಿದ್ದ ಆ ಮನೆಯಲ್ಲಿ, ಆಯ್ದ ಆ ಅಕ್ಕಿಯಿಂದಲೇ ಜಂಗಮರಿಗೆ ನಡೆಯುತ್ತಿದ್ದ ದಾಸೋಹಕ್ಕೆ ಮಾತ್ರ ಲೆಕ್ಕವಿರಲಿಲ್ಲ. ಕರ್ಮವಾದಿಯೂ ಅನುಗ್ರಹವಾದಿಯೂ ಒಂದೇ ಸೂತ್ರದಿಂದ ಜೀವನವನ್ನೆಲ್ಲ ಅಳೆಯಹೊರಟು ಸೋಲುತ್ತಾರೆ. ಆ ಬಡವರ ಮನೆಯಲ್ಲಿ ಗಳಿಕೆಗೊಂದು ಗಣಿತ, ನೀಡಿಕೆಗೆ ಗಣಿತವೇ ಇಲ್ಲ. ನಾನು ಏರಿಯೇ ಬರಬೇಕು. ಆದರೆ ಆ ಏರು ಬಾಗಿಲಿನವರೆಗೆ ಮಾತ್ರ. ಒಳಗಿನದಕ್ಕೆ ಅದು ಬೆಲೆಯಲ್ಲ.

ಮಿತ್ರರು ನಕ್ಕರು. “ಹಾಗಾದರೆ ಬರುವ ವಾರ ಪರೀಕ್ಷಿಸೋಣ. ಕೆಂಗೇರಿಗೆ ಮೆಟ್ರೋ ಬಂದು ವರ್ಷಗಳಾದವು. ತಣ್ಣಗೆ ಕುಳಿತು ವಿಜಯನಗರದಲ್ಲಿಳಿದು ಆಟೋ ಹಿಡಿದು ಬನ್ನಿ. ನಿಮ್ಮನ್ನು ಕಂಡು ನನಗೆ ಎಳ್ಳಷ್ಟಾದರೂ ಕಡಿಮೆ ಸಂತೋಷವಾದರೆ ನಿಮ್ಮ ಸಿದ್ಧಾಂತ ಬಿತ್ತು.” ಇದು ನನ್ನನ್ನು ಸಮರ್ಥಿಸುವ ಮಾತೇ ಆಗಿದ್ದರೂ, ಇನ್ನೊಂದು ತೊಡಕನ್ನು ನಾನೇ ಎತ್ತಿದೆನು: ಜಂಗಮನು ಲಕ್ಕಮ್ಮನಿಗೆ ಅಪರಿಚಿತನಾಗಿದ್ದರೂ ನಡೆಯುತ್ತಿತ್ತು, ನಾನು ಹಳೆಯ ಸ್ನೇಹಿತ. ಹಾದಿಹೋಕನೊಬ್ಬನು ಬಾಗಿಲು ತಟ್ಟಿದ್ದರೆ ಅವನಿಗೂ ಈ ಮುಖ, ಈ ಕಾಫಿ ಉಂಟೇನು? ಅವರು ಸ್ವಲ್ಪ ಹೊತ್ತು ಯೋಚಿಸಿ, ಇಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

“ಬೆಳಗ್ಗೆ ಸಿಲಿಂಡರ್ ಹೊತ್ತುಕೊಂಡು ಮೂರನೇ ಮಹಡಿಗೆ ಹತ್ತಿ ಬಂದನಲ್ಲ ಆ ಹುಡುಗ, ಅವನಿಗೂ ಕಾಫಿ ಕೊಟ್ಟೆ. ಅವನ ಹೆಸರೂ ನನಗೆ ಗೊತ್ತಿಲ್ಲ. ಅವನು ನಿಮ್ಮ ಯಾವ ಲೆಕ್ಕಕ್ಕೆ ಬರ್ತಾನೆ?” ಎಂದು ಮೊರದಿಂದ ತಲೆಯೆತ್ತದೆಯೇ ಅವರ ಮನೆಯವರು ಕೇಳಿದರು.

ಗಣಿತೋಪಾಧ್ಯಾಯರು ಲಕೋಟೆಯನ್ನು ತಿರುಗಿಸಿಕೊಂಡು, ತುಂಬಿದ ಸಿಲಿಂಡರಿನ ತೂಕವೆಷ್ಟೆಂದು ನನ್ನನ್ನು ವಿಚಾರಿಸಿದರು.